ಎಪ್ಪತ್ತೆರಡು

ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆಯ ಹಿಂದುಗಡೆ
ಎಕ್ಸ್‌ರೇ ಕೋಣೆಗೆ ಒತ್ತಿಕೊಂಡು ನನ್ನ ಕೋಣೆ.
ಮಂಗಳವಾರ ಬುದ್ಧಿ ಅಳೆಯುವ ದಿನ.
ಒಂದು ಮೇಜು, ಹತ್ತು ಗುಳಿಯ ಮರದ ಹಲಗೆ,
ಗುಳಿಗೆ ಕೂರುವ ಹತ್ತು ಬಿಲ್ಲೆ (ನಕ್ಷತ್ರದ ಒಂದು ಮೂಲೆ
ಯಾವುದೋ ಮಗು ಕಚ್ಚಿ ಮುಕ್ಕಾಗಿದೆ),
ಒಂದು ಸ್ಟಾಪ್‌ವಾಚು, ಪೆನ್ಸಿಲ್ಲು, ರಬ್ಬರು.

ನಿಂಗರಾಜ, ಇಪ್ಪತ್ತಾರು ವರ್ಷ.
ಜೊತೆಗೆ ಅಕ್ಕ ದೇವೀರಮ್ಮ,
ಕಾಫಿ ಕ್ಯೂರಿಂಗಿನಲ್ಲಿ ಕಾಳು ಆರಿಸುವವಳು,
ಅರ್ಧ ದಿನದ ಕೂಲಿ ಬಿಟ್ಟು ಬಂದವಳು.

ಬಸ್ಸಿಗೂ ಎತ್ತಿನ ಗಾಡಿಗೂ ಏನು ಹೋಲಿಕೆ?
"ಎರಡೂ ನಮ್ಮೂರಿಗೆ ಬರಲ್ಲ."
ಕೈಪಿಡಿ ನೋಡಿದೆ. ಸೊನ್ನೆ.
ದಾರಿಯಲ್ಲಿ ಯಾರದೋ ಪರ್ಸು ಸಿಕ್ಕರೆ ಏನು ಮಾಡ್ತೀಯ?
"ಮುಟ್ಟಲ್ಲ. ನಾನು ಮುಟ್ಟಿದ್ರೆ ಕದ್ದೆ ಅಂತಾರೆ."
ಅದಕ್ಕೂ ಸೊನ್ನೆ.
ಠಾಣೆಗೆ ಕೊಡ್ತೀನಿ ಅಂದಿದ್ದರೆ ಎರಡು.

ಏಳು, ನಾಲ್ಕು, ಒಂಬತ್ತು. ಹಿಂದಿನಿಂದ ಹೇಳು.
ತುಟಿ ಆಡಿತು. ಒಂಬತ್ತು ಅಂದಂತಾಯಿತು.
ಕಣ್ಣು ಅಕ್ಕನ ಕಡೆ ಹೋಗಿ ಬಂತು.
"ಗೊತ್ತಿಲ್ಲ."
ಬಾಗಿಲ ಹೊರಗೆ ಅವಳು ಹೇಳಿಕೊಟ್ಟದ್ದು
ನನಗೂ ಕೇಳಿಸಿತ್ತು:
ಗೊತ್ತಿದ್ರೂ ಗೊತ್ತಿಲ್ಲ ಅನ್ನು, ನಿಂಗ.
ಆ ಒಂದು ನೋಟಕ್ಕೆ, ಆ ನುಂಗಿದ ನಾಲ್ಕಕ್ಕೆ
ಎಷ್ಟು ಅಂಕ ಅಂತ ಕೈಪಿಡಿಯಲ್ಲಿ ಇಲ್ಲ.

ಕಾಲೇಜಿನಲ್ಲಿ ಓದಿದ್ದೆ.
ಬುದ್ಧಿ ಒಂದೇ, ಎಲ್ಲ ಜಾಣತನದ ತಳದಲ್ಲಿ ಒಂದೇ ಸೆಲೆ ಅಂದರು ಕೆಲವರು.
ಒಂದಲ್ಲ, ಏಳು; ಏಳಲ್ಲ, ಎಂಟು ಅಂದರು ಆಮೇಲಿನವರು.
ನಮ್ಮ ಮೇಷ್ಟರು ಕಾಫಿ ಲೋಟ ಕೆಳಗಿಟ್ಟು
ಪರೀಕ್ಷೆಗೆ ಬರುತ್ತೆ, ಬರ್ಕೊಳ್ಳಿ, ನಂಬಬೇಡಿ ಅಂದಿದ್ದರು.

ನನ್ನ ಅಜ್ಜಿ ಆಲೂರಿನ ಕಡೆಯವಳು.
ಅವಳಿಗೆ ಬುದ್ಧಿ ತಲೆಯೊಳಗಿನದಲ್ಲ,
ಗೌಡರ ಜಗಲಿಯ ಮೇಲೆ ಕೂತಿರುತ್ತಿತ್ತು, ಎಲೆಯಡಿಕೆ ಮೆಲ್ಲುತ್ತ.
ಬಂದೆ ಬುದ್ಧಿ, ಆಯ್ತು ಬುದ್ಧಿ, ತಪ್ಪಾಯ್ತು ಬುದ್ಧಿ
ಅಂಗಳದ ಅಂಚಿನಿಂದ ಕೂಗುತ್ತಿದ್ದಳು.
ಏನಾದರೂ ಮರೆತಾಗ ಮಾತ್ರ
ತನ್ನ ತಲೆ ತಾನೇ ಕುಟ್ಟಿಕೊಂಡು,
ನನ್ನ ಬುದ್ಧಿ ಲದ್ದಿ ತಿನ್ನಕ್ಕೆ ಹೋಗಿತ್ತು.
ಊರಿನ ಅರವತ್ತು ದನಕ್ಕೆ ತಾಯಿ ಯಾವುದು, ಅಜ್ಜಿ ಯಾವುದು,
ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದವಳು.
ಈಗ ಒಮ್ಮೊಮ್ಮೆ ಹಳ್ಳಿಯ ಮುದುಕರು
ಮೇಜಿನಾಚೆ ಕೈಕಟ್ಟಿ ನಿಂತು
ನನ್ನನ್ನೇ ಹಾಗೆ ಕರೆದುಬಿಡುತ್ತಾರೆ.
ಗೋಡೆಯ ಕ್ಯಾಲೆಂಡರು ನೋಡುತ್ತೇನೆ.

ಕೂಡಿ, ಭಾಗಿಸಿ, ಪಟ್ಟಿಯಲ್ಲಿ ಹುಡುಕಿದರೆ ಎಪ್ಪತ್ತೆರಡು.
ಎಪ್ಪತ್ತರ ಕೆಳಗಿದ್ದರೆ ಪಿಂಚಣಿ.
"ಎರಡು ಜಾಸ್ತಿ ಆಯ್ತು" ಅಂದೆ.
ಬದುಕಿನಲ್ಲಿ ಅವನಿಗೆ ಏನಾದರೂ ಜಾಸ್ತಿ ಬಂದದ್ದು
ಅದೇ ಮೊದಲಿರಬೇಕು.

ದೇವೀರಮ್ಮ ಅಳಲಿಲ್ಲ, ಗೋಗರೆಯಲಿಲ್ಲ.
"ನಮ್ಮಲ್ಲೂ ಜರಡಿ ಐತೆ ಮೇಡಂ.
ದಪ್ಪ ಕಾಳು ಮೇಲೆ ನಿಲ್ತದೆ, ಸಣ್ಣದು ಕೆಳಗೆ.
ಪೀಬೆರಿ ಅಂತ ಬರ್ತದೆ, ಹಣ್ಣಲ್ಲಿ ಒಂದೇ ಕಾಳು, ಗುಂಡಗೆ.
ದುಂಡು ತೂತಿಗೆ ಅದು ಸಿಗಾಕಿಲ್ಲ,
ಅದಕ್ಕೇ ಅಂತ ಉದ್ದ ತೂತಿಂದು ಬೇರೆ ಮಡಗವ್ರೆ.
ನಿಮ್ಮಲ್ಲಿ ಒಂದೇ ಜರಡಿನಾ?"
ಆಮೇಲೆ, ಸೆರಗಿಗೆ ಕೈ ಒರೆಸುತ್ತ:
"ತೂತು ಕೊರೆಯೋರು ಯಾರು?"

ಐದು ಆಚೆ, ಐದು ಈಚೆ ತಪ್ಪಿರಬಹುದು ಅಂತ
ಕೈಪಿಡಿಯ ಕೊನೆಗೆ ಸಣ್ಣಕ್ಷರದಲ್ಲಿದೆ.
ಸರ್ಟಿಫಿಕೇಟಿನ ಚೌಕದಲ್ಲಿ
ಎರಡು ಅಂಕಿಗಷ್ಟೇ ಜಾಗ.

ನಿಂಗರಾಜ ಅಷ್ಟರಲ್ಲಿ, ಯಾರೂ ಹೇಳದೆ,
ಬಿಲ್ಲೆಗಳನ್ನೆಲ್ಲ ಗುಳಿಗೆ ಕೂರಿಸಿದ್ದ.
ನಕ್ಷತ್ರವನ್ನು ಮಾತ್ರ ತಿರುಗಿಸಿ ತಿರುಗಿಸಿ
ಮುಕ್ಕು ನನ್ನ ಕಡೆ ಬರುವ ಹಾಗೆ ಇಟ್ಟ.
"ಮೇಡಂ" ಅಂದ,
"ಆ ಗಡಿಯಾರ ನಿಲ್ಸೋದು ಮರ್ತ್ರಿ."